ಮೌನವು ಸಮ್ಮತಿಯಲ್ಲ: ಸಿಬ್ಬಂದಿಯ ಅಗತ್ಯಗಳು ಮತ್ತು ಆಡಳಿತದ ಹೊಣೆ

(ಗ್ರಾಮ ಪಂಚಾಯಿತಿ ಅಧಿಕಾರಿಗಳು ಹಾಗೂ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ ಪ್ರಕಟಿಸಿದೆ.)



ಊರು ಏಳುವ ಮುನ್ನವೇ ಏಳುವವರು ಗ್ರಾಮ ಪಂಚಾಯಿತಿಯ ನೀರುಗಂಟಿ. ಮೂರು ಫೇಸ್ ವಿದ್ಯುತ್ ಬರುವ ಹೊತ್ತನ್ನು ಕಾದು ಮೋಟಾರು ಚಾಲನೆ ಮಾಡುವುದು, ಬೀದಿ ಬೀದಿಯ ವಾಲ್ವ್ ತಿರುಗಿಸುವುದು, ಓವರ್‌ಹೆಡ್ ಟ್ಯಾಂಕನ್ನು ತೊಳೆದು ಬ್ಲೀಚಿಂಗ್ ಪುಡಿ ಹಾಕುವುದು ಅವರ ಕಾಯಕ. ನಲ್ಲಿಯಲ್ಲಿ ನೀರು ಬಂದ ದಿನ ಊರು ಅವರನ್ನು ನೆನೆಯುವುದಿಲ್ಲ. ಅರ್ಧ ಗಂಟೆ ತಡವಾದರೆ ಎಲ್ಲರೂ ಹುಡುಕುತ್ತಾರೆ. ಆ ಟ್ಯಾಂಕಿನ ಏಣಿಯ ಎರಡು ಮೆಟ್ಟಿಲುಗಳು ತುಕ್ಕು ಹಿಡಿದು ಸಡಿಲವಾಗಿವೆ ಎಂದಿಟ್ಟುಕೊಳ್ಳಬಹುದು. ಅದನ್ನು ಬಲ್ಲವರು ಏಣಿ ಹತ್ತುವವರೊಬ್ಬರೇ. ಅವರು ಹೇಳದಿದ್ದರೆ ಆ ಸಂಗತಿ ಯಾವ ಕಡತಕ್ಕೂ ಬರುವುದಿಲ್ಲ; ಅವರು ಬಿದ್ದ ದಿನ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಅವರು ಏಕೆ ಹೇಳಲಿಲ್ಲ? ಈ ಉಪನ್ಯಾಸದ ವಿಷಯವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ತಿಂಗಳ ಸಿಬ್ಬಂದಿ ಸಭೆಯ ಕೊನೆಯಲ್ಲಿ, ಎಲ್ಲರ ದೃಷ್ಟಿ ಗಡಿಯಾರದ ಮೇಲಿರುವಾಗ, "ಯಾರಿಗಾದರೂ ಏನಾದರೂ ತೊಂದರೆ ಇದೆಯೇ?" ಎಂಬ ಪ್ರಶ್ನೆ ಬರುತ್ತದೆ. "ಇಲ್ಲ ಸಾರ್" ಎಂಬ ಉತ್ತರವೂ ಬರುತ್ತದೆ. ಯಾವುದೇ ಅಹವಾಲು ಇರುವುದಿಲ್ಲವೆಂದು ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಮೌನವು ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳಿದ್ದುಂಟು. ಆದರೆ ಕಚೇರಿಯ ಮೌನಕ್ಕೆ ಬೇರೆ ಅರ್ಥಗಳಿವೆ. ಮೊದಲನೆಯದು ಭಯ: ಕಾಯಂ ಅಲ್ಲದವರಿಗೆ, ಮಾತನಾಡಿದರೆ ನಾಳೆಯ ಕೆಲಸವೇ ಇರಲಾರದು ಎಂಬ ಅಂಜಿಕೆ. ಎರಡನೆಯದು ಸಂಕೋಚ: ಅಗತ್ಯವನ್ನು ಹೇಳಿಕೊಂಡರೆ ಕೆಲಸಕ್ಕೆ ಬಾರದವರು ಎಂದುಕೊಂಡಾರು ಎಂಬ ಅಳುಕು. ಮೂರನೆಯದು ಅನುಭವ: ಹಿಂದೊಮ್ಮೆ ಹೇಳಿದ್ದಾಗಿದೆ, ಏನೂ ಆಗಲಿಲ್ಲ. ಈ ಮೂರರಲ್ಲಿ ಕೊನೆಯದೇ ಹೆಚ್ಚು ಭಾರವಾದುದು. ಭಯವನ್ನು ಒಂದು ಒಳ್ಳೆಯ ಮಾತು ಕಳೆಯಬಲ್ಲದು. ಉತ್ತರವಿಲ್ಲದೆ ಉಳಿದ ಮನವಿಯ ನೆನಪನ್ನು ಕಳೆಯಲು ಕಾರ್ಯವೇ ಬೇಕು.

ಈ ಮೌನದ ಬೆಲೆಯನ್ನು ತೆರುವವರು ಸಿಬ್ಬಂದಿ ಮಾತ್ರವಲ್ಲ. ಕೈಗವಸಿಲ್ಲದವರು ಬ್ಲೀಚಿಂಗ್ ಪುಡಿಯನ್ನು ಬೇಕಾದಷ್ಟು ಬಳಸಲು ಹಿಂಜರಿದರೆ ಅದರ ಫಲ ಊರಿನ ಮಕ್ಕಳ ಹೊಟ್ಟೆಗೆ ತಟ್ಟುತ್ತದೆ. ಕಂಪ್ಯೂಟರ್ ಕೆಟ್ಟಿರುವುದನ್ನು ಹೇಳಲು ಆಪರೇಟರ್ ಅಂಜಿದರೆ ಒಬ್ಬ ರೈತನು ಒಂದು ದಾಖಲೆಗಾಗಿ ಮೂರು ಸಲ ಬಸ್ಸು ಹತ್ತಬೇಕಾಗುತ್ತದೆ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯನ್ನು ಚಲಾಯಿಸುತ್ತಿದ್ದಾರೆ. ಬೆಳಗಿನಿಂದ ಮಧ್ಯಾಹ್ನದವರೆಗಿನ ಆ ದಾರಿಯಲ್ಲಿ ಅವರು ಬಳಸಬಹುದಾದ ಶೌಚಾಲಯ ಎಲ್ಲಿದೆ, ಕೈ ತೊಳೆಯಲು ನೀರು ಎಲ್ಲಿದೆ ಎಂಬುದನ್ನು ಕೇಳದಿದ್ದರೆ, ಅವರು ನೀರು ಕುಡಿಯುವುದನ್ನೇ ಬಿಟ್ಟು ಕೆಲಸ ಮಾಡುತ್ತಾರೆ, ಹೇಳುವುದಿಲ್ಲ. ಆದುದರಿಂದ ಸಿಬ್ಬಂದಿಯ ಅಗತ್ಯವೆಂಬುದು ಅವರ ಸ್ವಂತ ವಿಷಯವಲ್ಲ; ಅದು ಸೇವೆಯ ಸ್ಥಿತಿಗತಿಯ ಕುರಿತ ಮಾಹಿತಿ.

ಕಷ್ಟವನ್ನು ಅನುಭವಿಸುವವರೇ ಅದನ್ನು ಚೆನ್ನಾಗಿ ಬಲ್ಲರು ಎಂಬ ನಂಬಿಕೆಯ ಮೇಲೆ ಪಂಚಾಯತ್ ರಾಜ್ ವ್ಯವಸ್ಥೆ ನಿಂತಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸ್ಥಾನ ನೀಡಿದ್ದು ಇದೇ ಕಾರಣಕ್ಕೆ. ಬೀದಿದೀಪ ಬೇಕು, ಚರಂಡಿ ಬೇಕು ಎಂದು ಎದ್ದು ನಿಂತು ಹೇಳಲು ಗ್ರಾಮಸ್ಥರಿಗೆ ಕರೆ ಕೊಡುವ ಕಚೇರಿಯು ತನ್ನ ಒಳಗಿನವರಿಗೆ ಅದೇ ಅವಕಾಶವನ್ನು ನೀಡದಿದ್ದರೆ ಅದು ದೀಪದ ಬುಡದ ಕತ್ತಲೆಯೇ ಸರಿ.

ಅಗತ್ಯವನ್ನು ಹೇಳುವುದು ಕೃಪೆಯ ಬೇಡಿಕೆಯಲ್ಲ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ನೀಡಿದೆ. ಸರಳ ಕನ್ನಡದಲ್ಲಿ ಬರೆದ ಅರ್ಧ ಪುಟವೂ ಮನವಿಯೇ. ವಿಕಲಚೇತನ ನೌಕರರಿಗೆ ಕೆಲಸ ಮಾಡಲು ಬೇಕಾದ ಹೊಂದಾಣಿಕೆಯನ್ನೂ ಅಡೆತಡೆಯಿಲ್ಲದ ವಾತಾವರಣವನ್ನೂ ಒದಗಿಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಸಂಸ್ಥೆಗಳ ಕರ್ತವ್ಯ. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಮಲಗುಂಡಿಯನ್ನು ಕೈಯಿಂದ ಶುಚಿಗೊಳಿಸಲು ಯಾರನ್ನೂ ನಿಯೋಜಿಸಬಾರದೆಂದು 2013ರ ಕಾಯ್ದೆ ಸ್ಥಳೀಯ ಸಂಸ್ಥೆಗಳನ್ನೂ ನಿರ್ಬಂಧಿಸಿದೆ. "ಈ ಗುಂಡಿಗೆ ಇಳಿಯಲಾರೆ" ಎಂಬ ಮಾತು ಅವಿಧೇಯತೆಯಲ್ಲ, ಕಾನೂನಿನ ಪಾಲನೆ.

ಮಹಿಳಾ ಸಿಬ್ಬಂದಿಯ ಸುರಕ್ಷತೆಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. 1992ರಲ್ಲಿ ರಾಜಸ್ಥಾನದಲ್ಲಿ, ಬಾಲ್ಯವಿವಾಹ ತಡೆಯಲು ಶ್ರಮಿಸುತ್ತಿದ್ದ ಸರ್ಕಾರಿ ಕಾರ್ಯಕ್ರಮದ ಗ್ರಾಮಮಟ್ಟದ ಕಾರ್ಯಕರ್ತೆಯೊಬ್ಬರು ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಅವರು ಮೌನವಾಗಿರಲಿಲ್ಲ. ಆ ಘಟನೆಯ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ವಿಶಾಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಕಾಯ್ದೆಯೇ ಬಂದಿತು. ಇಂದು ದೇಶದ ದೊಡ್ಡ ದೊಡ್ಡ ಕಚೇರಿಗಳಲ್ಲಿರುವ ಆಂತರಿಕ ಸಮಿತಿಗಳ ಹಿಂದೆ ಒಂದು ಹಳ್ಳಿಯ ಕಾರ್ಯಕರ್ತೆಯ ದನಿಯಿದೆ. ಹತ್ತಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವ ಸ್ಥಳದ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬಹುದು. ಬರೆಯಲು ಆಗದವರಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರುದಾರರ ಗುರುತು ಗುಟ್ಟಾಗಿರಬೇಕು. ಸಮಿತಿಯ ವಿವರವು ಪ್ರತಿ ಕಚೇರಿಯ ಗೋಡೆಯ ಮೇಲೆ, ಎಲ್ಲರೂ ಓದುವಂತೆ ಇರಲಿ.

ಅಗತ್ಯವನ್ನು ಹೇಳುವವರು ಐದು ಅಂಶಗಳನ್ನು ನೆನಪಿಡುವುದು ಒಳಿತು: ಏನು, ಎಲ್ಲಿ, ಎಂದಿನಿಂದ, ಅದರಿಂದ ಕೆಲಸಕ್ಕೆ ಏನು ತೊಡಕು, ಏನು ಮಾಡಿದರೆ ಸಾಕು. "ಕೆಲಸ ಬಹಳ ಕಷ್ಟವಾಗಿದೆ" ಎಂದರೆ ಕೇಳುವವರಿಗೆ ಅನುಕಂಪ ಮೂಡಬಹುದು, ದಾರಿ ತೋಚದು. "ಟ್ಯಾಂಕಿನ ಏಣಿಯ ಎರಡು ಮೆಟ್ಟಿಲು ಎರಡು ತಿಂಗಳಿಂದ ಸಡಿಲವಾಗಿವೆ, ಟ್ಯಾಂಕ್ ತೊಳೆಯಲು ಹತ್ತಲಾಗುತ್ತಿಲ್ಲ, ವೆಲ್ಡಿಂಗ್ ಮಾಡಿಸಿದರೆ ಸಾಕು" ಎಂದರೆ ಅದರಲ್ಲಿಯೇ ಅಂದಾಜು ಪಟ್ಟಿಯ ಮೊದಲ ಸಾಲು ಇದೆ. ಒಬ್ಬರೇ ಹೇಳಲು ಅಳುಕಾದರೆ ಇಬ್ಬರು ಸಹಿ ಮಾಡಬಹುದು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಅವಿಶ್ವಾಸವಲ್ಲ. ಅದು ಕಚೇರಿಯ ಪದ್ಧತಿ.

ಆದರೆ ಹೆಚ್ಚಿನ ಹೊಣೆ ಕೇಳುವವರದು. ಕುರ್ಚಿಯಲ್ಲಿ ಕುಳಿತವರು ಕೇಳುವ ಸಾಮಾನ್ಯ ಪ್ರಶ್ನೆಗೆ ನಿಂತವರು ಕೊಡುವ ಉತ್ತರ ಸಾಮಾನ್ಯವಾಗಿ "ಇಲ್ಲ" ಎಂಬುದೇ. ಕೆಲಸದ ಸ್ಥಳಕ್ಕೆ ಹೋಗಿ, "ಈ ಏಣಿ ಹತ್ತುವಾಗ ಯಾವ ಮೆಟ್ಟಿಲಲ್ಲಿ ಅಂಜಿಕೆಯಾಗುತ್ತದೆ?" ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಹೇಳಿದುದನ್ನು ಒಂದು ವಹಿಯಲ್ಲಿ ಬರೆದುಕೊಂಡು ಮುಂದಿನ ಸಭೆಯು ಆ ವಹಿಯಿಂದಲೇ ಆರಂಭವಾಗಲಿ. ಪ್ರತಿಯೊಂದು ಅಗತ್ಯಕ್ಕೂ ಮೂರರಲ್ಲಿ ಒಂದು ಉತ್ತರ ಸಿಗಲಿ: ಆಗಿದೆ; ಇಂಥ ದಿನಾಂಕದೊಳಗೆ ಆಗುತ್ತದೆ; ಇಂಥ ಕಾರಣಕ್ಕೆ ಆಗುವುದಿಲ್ಲ. ಕೊನೆಯದೂ ಉತ್ತರವೇ. ವೇತನ, ಅನುಮೋದನೆ, ಬಡ್ತಿಯಂಥ ವಿಷಯಗಳು ಗ್ರಾಮ ಪಂಚಾಯಿತಿಯ ಹಂತದಲ್ಲಿಯೇ ಇತ್ಯರ್ಥವಾಗದಿರಬಹುದು. ಅಂಥ ಮನವಿಯನ್ನು ಮೇಲಿನ ಕಚೇರಿಗೆ ಕಳುಹಿಸಿ, ಪತ್ರದ ಸಂಖ್ಯೆಯನ್ನು ಮನವಿದಾರರಿಗೆ ತಿಳಿಸುವಷ್ಟಾದರೂ ಸಾಧ್ಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತನಾಡಿದವರ ಮೇಲೆ ಮಾರನೆಯ ದಿನ ಸಿಡುಕು ಬೀಳಬಾರದು, ಪಾಳಿ ಬದಲಾಗಬಾರದು. ಒಬ್ಬರಿಗೆ ಹಾಗಾದರೆ ಹತ್ತು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯುಂಟು. ಸಿಬ್ಬಂದಿಗೆ ಆ ಗಾದೆ ಧೈರ್ಯ ನೀಡಲಿ. ಆದರೆ ಆಡಳಿತವು ಅದನ್ನು ತನ್ನ ನೀತಿಯಾಗಿ ಮಾಡಿಕೊಳ್ಳಬಾರದು. ಅಳುವ ಮುನ್ನವೇ ಹಸಿವನ್ನು ಅರಿಯುವ ತಾಯಂದಿರೂ ಇದ್ದಾರೆ. ಈ ಸಭೆಯಿಂದ ಹಿಂದಿರುಗಿದ ಮೇಲೆ ಪ್ರತಿಯೊಬ್ಬ ಅಧಿಕಾರಿಯೂ ತಮ್ಮ ಊರಿನ ಟ್ಯಾಂಕಿನ ಬಳಿಗೆ ನೀರುಗಂಟಿಯೊಡನೆ ಹೋಗಿ, ಒಮ್ಮೆ ಆ ಏಣಿಯ ಮೇಲೆ ಕೈಯಿಟ್ಟು ನೋಡಿದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.