ಕೊಲೆಸ್ಟೆರಾಲಿನ ಗುಳಿಗೆಯೂ ಹಿಮ್ಮಡಿಯ ನೋವೂ

(ಶ್ರೀಮಠದ ಸುವರ್ಣ ಮಹೋತ್ಸವದಲ್ಲಿ ಸದ್ಭಕ್ತರ ಸಭೆಯ ಮುಂದೆ ನಡೆದ ಉಪನ್ಯಾಸ)

 

ಶರೀರವನ್ನು ಹೇಯವೆಂದು ಹಳಿಯುವ ಮತಗಳು ಲೋಕದಲ್ಲಿ ಇಲ್ಲದಿಲ್ಲ. ಶರಣಧರ್ಮವಾದರೋ ಅದನ್ನು ಹಾಗೆ ಕಾಣಲಿಲ್ಲ. ಇಷ್ಟಲಿಂಗವನ್ನು ಧರಿಸತಕ್ಕುದು ಈ ಅಂಗವೇ. ಕಾಯಕಕ್ಕೆ ಕೈ ಬೇಕು, ದಾಸೋಹಕ್ಕೆ ಕಾಲು ಬೇಕು. ಆದಕಾರಣ ದೇಹಾರೋಗ್ಯದ ವಿಚಾರವು ಮಠದ ಅಂಗಳಕ್ಕೆ ಹೊರಗಿನ ಮಾತಾಗಲಾರದು.

ಅರುವತ್ತು ದಾಟಿದ ಒಬ್ಬ ಗೃಹಸ್ಥನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಎರಡು ವರುಷಗಳ ಹಿಂದೆ ಅವನಿಗೆ ಹೃದಯಾಘಾತವಾಗಿ, ರಕ್ತನಾಳದಲ್ಲಿ ಸ್ಟೆಂಟ್ ಇಡಲ್ಪಟ್ಟಿದೆ. ಅಂದಿನಿಂದ ಪ್ರತಿರಾತ್ರಿಯೂ ಕೊಲೆಸ್ಟೆರಾಲನ್ನು ತಗ್ಗಿಸುವ ಒಂದು ಗುಳಿಗೆಯನ್ನು ನುಂಗುತ್ತಾನೆ. ಜಾತ್ರೆಯ ದಿನ ತೇರಿನ ಹಗ್ಗಕ್ಕೆ ಕೈಹಚ್ಚಿದಾಗ ಹಿಮ್ಮಡಿಯ ಹಿಂದೆ ಚಳಕು ಮೂಡಿತು. ಮೂರು ತಿಂಗಳು ಕಳೆದರೂ ಅದು ವಾಸಿಯಾಗಲೊಲ್ಲದು. ಆಗ ನೆರೆಮನೆಯವನು, "ಆ ಕೊಬ್ಬಿನ ಗುಳಿಗೆಯೇ ನರವನ್ನು ತಿನ್ನುತ್ತಿದೆ, ಬಿಟ್ಟುಬಿಡಿ ಯಜಮಾನರೇ" ಎಂದು ಹೇಳುತ್ತಾನೆ. ಬಿಟ್ಟರೆ ಹೃದಯದ ಗತಿಯೇನು? ಬಿಡದಿದ್ದರೆ ಕಾಲಿನ ಗತಿಯೇನು? ಈ ಉಪನ್ಯಾಸದ ವಿಷಯವು ಈ ಪ್ರಶ್ನೆಯೇ ಆಗಿದೆ.

ಮೊದಲು ಗುಳಿಗೆಯ ವಿಚಾರ. ಕೊಲೆಸ್ಟೆರಾಲ್ ಎಂಬುದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಪೊರೆಗೂ ಅದು ಬೇಕು. ಆಹಾರದಿಂದ ಬರುವುದಲ್ಲದೆ ದೇಹವು ಅದನ್ನು ತಾನೇ ತಯಾರಿಸುವುದು. ಆದರೆ ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಎಲ್.ಡಿ.ಎಲ್. ಎಂಬ ಕಣಗಳು ಮಿತಿಮೀರಿದರೆ ಧಮನಿಗಳ ಗೋಡೆಯಲ್ಲಿ ಸೇರಿಕೊಂಡು, ಕಾಲಕ್ರಮದಲ್ಲಿ ರಕ್ತದ ದಾರಿಯನ್ನು ಕಿರಿದುಗೊಳಿಸುವುವು. ಜಪಾನ್ ದೇಶದ ಅಕಿರಾ ಎಂಡೊ ಎಂಬ ವಿಜ್ಞಾನಿಯು ೧೯೭೧ರಿಂದ ಸುಮಾರು ೬೦೦೦ ಬಗೆಯ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ, ೧೯೭೩ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಈ ವರ್ಗದ ಮೊದಲನೆಯ ದ್ರವ್ಯವನ್ನು ಬೇರ್ಪಡಿಸಿದನು. ಕೋಟಿಗಟ್ಟಲೆ ಜನರ ಆಯುಸ್ಸಿಗೆ ಊರೆಗೋಲಾದ ಔಷಧಕ್ಕೆ ದಾರಿ ತೋರಿದ ಆ ಮಹನೀಯನು ೨೦೨೪ರಲ್ಲಿ ಕಾಲವಾದನು. ಈ ವರ್ಗದ ಔಷಧಗಳಿಗೆ ಸ್ಟ್ಯಾಟಿನ್ ಎಂದು ಹೆಸರು. ಅವುಗಳಲ್ಲಿ ಲೋವಸ್ಟ್ಯಾಟಿನ್ ಎಂಬುದು ೧೯೮೭ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಅನುಮತಿಯನ್ನು ಪಡೆಯಿತು. ಅಟಾರ್ವಸ್ಟ್ಯಾಟಿನ್, ರೋಸುವಸ್ಟ್ಯಾಟಿನ್ ಎಂಬ ಹೆಸರುಗಳು ಈಗ ಹಳ್ಳಿಯ ಔಷಧದ ಅಂಗಡಿಗೂ ಪರಿಚಿತವಾಗಿವೆ.

ಇವು ಯಕೃತ್ತಿನಲ್ಲಿ ಕೊಲೆಸ್ಟೆರಾಲನ್ನು ತಯಾರಿಸುವ ಒಂದು ಕಿಣ್ವವನ್ನು ತಡೆಯುವುವು. ತನ್ನಲ್ಲಿ ತಯಾರಿಕೆ ಕುಗ್ಗಿದಾಗ ಯಕೃತ್ತು ರಕ್ತದೊಳಗಿನ ಎಲ್.ಡಿ.ಎಲ್. ಕಣಗಳನ್ನೇ ಹೆಚ್ಚಾಗಿ ಸೆಳೆದುಕೊಳ್ಳುವುದು. ಹೀಗೆ ಸೆಳೆದುಕೊಳ್ಳುವ ಗ್ರಾಹಕಗಳ ರಹಸ್ಯವನ್ನು ಹೊರಗೆಡಹಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ವಿದ್ವಾಂಸರಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಫಲವೇನೆಂದು ಕೇಳುವವರಿಗೆ ೧೯೯೪ರಲ್ಲಿ ಪ್ರಕಟವಾದ ಉತ್ತರ ಯುರೋಪಿನ ಪರೀಕ್ಷೆಯೇ ಉತ್ತರ. ಹೃದ್ರೋಗವಿದ್ದ ೪೪೪೪ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಂವಸ್ಟ್ಯಾಟಿನ್ ಗುಳಿಗೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡಲಾಯಿತು. ಐದು ವರುಷಗಳಿಗೆ ಮೇಲ್ಪಟ್ಟ ಆ ಅವಧಿಯಲ್ಲಿ ಹುಸಿಗುಳಿಗೆಯವರಲ್ಲಿ ೨೫೬ ಜನರೂ, ಔಷಧದವರಲ್ಲಿ ೧೮೨ ಜನರೂ ಮೃತರಾದರು. ಇದು ಉಪೇಕ್ಷಿಸತಕ್ಕ ವ್ಯತ್ಯಾಸವಲ್ಲ.

ಇನ್ನು ಹಿಮ್ಮಡಿಯ ವಿಚಾರ. ಜನರು ವಾಡಿಕೆಯಲ್ಲಿ "ನರ" ಎಂದು ಕರೆಯುವ ಆ ಗಟ್ಟಿಯಾದ ಹುರಿಯು ನಿಜವಾಗಿ ನರವಲ್ಲ. ಅದು ಸ್ನಾಯುರಜ್ಜು, ಎಂದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹಗ್ಗ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ರಜ್ಜುವೇ ದೇಹದಲ್ಲೆಲ್ಲ ಅತ್ಯಂತ ದಪ್ಪವಾದುದು. ಗ್ರೀಕರ ಪುರಾಣದ ವೀರನಾದ ಅಕಿಲೀಸನ ಹೆಸರು ಅದಕ್ಕೆ ಬಂದಿದೆ. ಕೊಲಾಜೆನ್ ಎಂಬ ಸಸಾರಜನಕದ ಎಳೆಗಳು ಹೊಸೆದುಕೊಂಡು ಈ ಹಗ್ಗವಾಗಿದೆ. ಎಳೆಗಳ ನಡುವೆ ವಿರಳವಾಗಿ ನೆಲಸಿರುವ ಜೀವಕೋಶಗಳು ಹಳೆಯ ಎಳೆಯನ್ನು ಕಳಚಿ ಹೊಸದನ್ನು ನೆಯ್ಯುತ್ತಿರುವುವು. ಮಾಂಸಖಂಡಕ್ಕೆ ಹರಿಯುವಷ್ಟು ರಕ್ತವು ರಜ್ಜುವಿಗೆ ಹರಿಯದು; ಆದುದರಿಂದಲೇ ಅದರ ಗಾಯವು ಬೇಗನೆ ಮಾಯದು. ಮೊದಲ ಕೆಲವು ದಿನ ಉರಿಯೂತ, ಬಳಿಕ ಕೆಲವು ವಾರ ಒಕ್ಕಟೆಯಾದ ಹೊಸ ಎಳೆಗಳ ಹುಟ್ಟು, ಆಮೇಲೆ ತಿಂಗಳುಗಟ್ಟಲೆ ಆ ಎಳೆಗಳು ಸಾಲುಗೂಡಿ ಬಲಿಯುವ ಕೆಲಸ. ಇದು ಪೂರೈಸಲು ಕೆಲವೊಮ್ಮೆ ವರುಷವೇ ಹಿಡಿಯುವುದು. ಗುಳಿಗೆಯನ್ನೇ ಕಾಣದವನಿಗೂ ಮೂರು ತಿಂಗಳ ನೋವು ಅಪೂರ್ವವಲ್ಲವೆಂಬುದನ್ನು ಇಲ್ಲಿಯೇ ನೆನಪಿಡತಕ್ಕುದು.

ಹಾಗಾದರೆ ನೆರೆಯವನ ಮಾತು ಬರಿಯ ಸುಳ್ಳೆ? ಹಾಗೂ ಹೇಳಲಾಗದು. ಔಷಧಗಳಿಂದಾಗುವ ಬಾಧೆಗಳನ್ನು ವೈದ್ಯರು ಸರ್ಕಾರಕ್ಕೆ ವರದಿಮಾಡುವ ಪದ್ಧತಿಯು ಫ್ರಾನ್ಸ್ ದೇಶದಲ್ಲುಂಟು. ೧೯೯೦ರಿಂದ ೨೦೦೫ರವರೆಗೆ ಸ್ಟ್ಯಾಟಿನ್‌ಗಳ ಮೇಲೆ ಬಂದ ೪೫೯೭ ವರದಿಗಳನ್ನು ಅಲ್ಲಿಯ ವೈದ್ಯರು ಶೋಧಿಸಿ ೨೦೦೮ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ೯೬ ವರದಿಗಳು ಸ್ನಾಯುರಜ್ಜುವಿಗೆ ಸಂಬಂಧಿಸಿದ್ದುವು. ೬೩ ಜನರಿಗೆ ಉರಿಯೂತವಾಗಿತ್ತು, ೩೩ ಜನರಿಗೆ ರಜ್ಜುವೇ ಹರಿದಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಾಧೆ ಕಂಡುದು ಔಷಧವನ್ನು ಆರಂಭಿಸಿದ ಮೊದಲ ವರುಷದಲ್ಲಿ, ಅದರಲ್ಲಿಯೂ ಹೆಚ್ಚಾಗಿ ಹಿಮ್ಮಡಿಯ ರಜ್ಜುವಿನಲ್ಲಿ. ೨೦೧೯ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಯೋಗಶಾಲೆಯಲ್ಲಿ ಬೆಳೆಸಿದ ರಜ್ಜುವಿನ ಕೋಶಗಳಿಗೆ ಸ್ಟ್ಯಾಟಿನ್ ಸೇರಿಸಿ ನೋಡಿದಾಗ, ಎಳೆಗಳನ್ನು ಕರಗಿಸುವ ಕಿಣ್ವಗಳು ಅಧಿಕವಾಗಿ ಹೊರಬಂದುವು. ಕೊಲೆಸ್ಟೆರಾಲು ಹುಟ್ಟುವ ಮಾರ್ಗದಲ್ಲಿಯೇ ಕೋಶಗಳ ವ್ಯವಹಾರಕ್ಕೆ ಬೇಕಾದ ಇತರ ದ್ರವ್ಯಗಳೂ ಹುಟ್ಟುವುದರಿಂದ, ಆ ಮಾರ್ಗವನ್ನು ಕಟ್ಟಿದರೆ ರಜ್ಜುವಿನ ದುರಸ್ತಿಗೂ ಅಡ್ಡಿಯಾದೀತೆಂಬ ಶಂಕೆಗೆ ಆಧಾರವಿದೆ.

ಆದರೆ ಶಂಕೆಯು ಸಿದ್ಧಾಂತವಲ್ಲ. ಫ್ರಾನ್ಸಿನ ಲೆಕ್ಕವು ದೂರು ಕೊಟ್ಟವರ ಲೆಕ್ಕ. ಗುಳಿಗೆಯನ್ನು ನುಂಗಿಯೂ ಸುಖವಾಗಿ ನಡೆದಾಡಿದ ಲಕ್ಷಾಂತರ ಜನರು ಅದರಲ್ಲಿ ಸೇರಿಲ್ಲ. ಗುಳಿಗೆಯನ್ನು ಸೇವಿಸುವವರು ಬಹುಮಟ್ಟಿಗೆ ವಯಸ್ಸಾದವರು, ಅನೇಕರು ಮಧುಮೇಹಿಗಳು. ವಯಸ್ಸೂ ಮಧುಮೇಹವೂ ತಾವಾಗಿಯೇ ರಜ್ಜುವನ್ನು ಸವೆಯಿಸುವುವು. ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಗುಳಿಗೆಯು ತಗ್ಗಿಸಲೆಳಸುವ ಆ ಕೊಲೆಸ್ಟೆರಾಲೇ ರಜ್ಜುವಿಗೆ ವೈರಿ. ವಂಶಪಾರಂಪರ್ಯವಾಗಿ ಕೊಲೆಸ್ಟೆರಾಲು ವಿಪರೀತವಾಗಿರುವ ಕುಟುಂಬಗಳಲ್ಲಿ ಹಿಮ್ಮಡಿಯ ರಜ್ಜುವಿನೊಳಗೆ ಅದು ಶೇಖರವಾಗಿ ಗಂಟುಕಟ್ಟುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಭುಜದ ರಜ್ಜು ಹರಿದವರಲ್ಲಿ, ಇತರ ಕಾರಣದಿಂದ ಭುಜ ನೋಯುವವರಿಗಿಂತ, ಕೊಲೆಸ್ಟೆರಾಲು ಹೆಚ್ಚಾಗಿದ್ದುದನ್ನು ೨೦೧೦ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಇಲಿಗಳ ಮೇಲಿನ ಪ್ರಯೋಗಗಳಂತೂ ಒಂದೇ ದಾರಿಯನ್ನು ತೋರಿಸಿಲ್ಲ. ೨೦೧೪ರಲ್ಲಿ ಪ್ರಕಟವಾದ ಒಂದರಲ್ಲಿ ಅಟಾರ್ವಸ್ಟ್ಯಾಟಿನ್ ಕೊಟ್ಟ ಇಲಿಗಳ ರಜ್ಜುವು ಹೆಚ್ಚು ಗಟ್ಟಿಯಾಗಿಯೇ ಕೂಡಿಕೊಂಡಿತು. ೨೦೧೬ರಲ್ಲಿ, ಮನುಷ್ಯರ ಮೇಲೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿದವರು, ಸ್ಟ್ಯಾಟಿನ್‌ಗಳಿಂದ ರಜ್ಜು ಹರಿಯುವ ಭಯವು ಹೆಚ್ಚುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ತೀರ್ಮಾನಿಸಿದರು.

ಮನಸ್ಸಿನ ಪಾಲನ್ನೂ ಇಲ್ಲಿ ಮರೆಯಲಾಗದು. ಸ್ಟ್ಯಾಟಿನ್‌ಗಳಿಂದ ಬಾಧೆಯಾಯಿತೆಂದು ಅವನ್ನು ತೊರೆದಿದ್ದ ೬೦ ಜನರ ಮೇಲೆ ಬ್ರಿಟನ್ನಿನಲ್ಲಿ ಒಂದು ವರುಷ ನಡೆದ ಪರೀಕ್ಷೆಯು ೨೦೨೦ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳು ಔಷಧ, ನಾಲ್ಕು ತಿಂಗಳು ಹುಸಿಗುಳಿಗೆ, ನಾಲ್ಕು ತಿಂಗಳು ಬರಿದಾದ ಸೀಸೆ, ಇವು ಹಿಂದುಮುಂದಾಗಿ ಬರುತ್ತಿದ್ದುವು. ಗುಳಿಗೆಯು ಯಾವುದೆಂದು ನುಂಗುವವನಿಗೆ ತಿಳಿಯದು. ಪ್ರತಿದಿನದ ಬಾಧೆಗೆ ಸೊನ್ನೆಯಿಂದ ನೂರರೊಳಗೆ ಅಂಕ ಹಾಕಬೇಕು. ಗುಳಿಗೆಯಿಲ್ಲದ ತಿಂಗಳುಗಳಲ್ಲಿ ಸರಾಸರಿ ೮, ಹುಸಿಗುಳಿಗೆಯಲ್ಲಿ ೧೫.೪, ಔಷಧದಲ್ಲಿ ೧೬.೩ ಅಂಕಗಳು ಬಂದುವು. ಬಾಧೆಯು ಸುಳ್ಳಾಗಿರಲಿಲ್ಲ, ಅದರ ಬಹುಭಾಗದ ಮೂಲವು ಮಾತ್ರ ಔಷಧದಲ್ಲಿರದೆ, ಗುಳಿಗೆಯನ್ನು ನುಂಗುತ್ತಿರುವೆನೆಂಬ ಭಯದಲ್ಲಿತ್ತು. ಇದನ್ನು ತಿಳಿದ ಬಳಿಕ ಅವರಲ್ಲಿ ಅರ್ಧದಷ್ಟು ಜನರು ಔಷಧವನ್ನು ಮರಳಿ ಆರಂಭಿಸಿದರು.

ಇಂತಿರಲು ಆ ಗೃಹಸ್ಥನು ಮಾಡತಕ್ಕುದೇನು? ಸ್ಟೆಂಟ್ ಹಾಕಿಸಿಕೊಂಡವನು ತಾನಾಗಿಯೇ ಗುಳಿಗೆಯನ್ನು ಬಿಡುವುದು ಕಾಲಿನ ಸಂದೇಹಕ್ಕಾಗಿ ಜೀವವನ್ನೇ ಒತ್ತೆಯಿಟ್ಟಂತೆ. ನೋವನ್ನು ಯಾರಿಗೂ ಹೇಳದೆ ಹಲ್ಲುಕಚ್ಚಿ ಸಹಿಸುವುದೂ ಭಕ್ತಿಯಲ್ಲ, ವಿವೇಕವೂ ಅಲ್ಲ. ಅವನು ತನ್ನ ವೈದ್ಯನ ಬಳಿಗೆ ಹೋಗಿ ಗುಳಿಗೆಯ ಹೆಸರು, ಪ್ರಮಾಣ, ಆರಂಭಿಸಿದ ಕಾಲ, ನೋವು ಹುಟ್ಟಿದ ದಿನ ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳತಕ್ಕುದು. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಜೀವಾಣುನಾಶಕ ಗುಳಿಗೆಗಳನ್ನು ಈಚೆಗೆ ತೆಗೆದುಕೊಂಡಿದ್ದರೆ ಅದನ್ನೂ ತಿಳಿಸತಕ್ಕುದು. ಏಕೆಂದರೆ ಅವುಗಳಿಂದ ರಜ್ಜು ಹರಿಯಬಹುದೆಂಬುದು ಶಂಕೆಯಲ್ಲ, ೨೦೦೮ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಅದರ ಎಚ್ಚರಿಕೆಯನ್ನು ಔಷಧದ ಪತ್ರದ ಮೇಲೆಯೇ ಮುದ್ರಿಸಬೇಕೆಂದು ವಿಧಿಸಿದರು. ಸ್ಟ್ಯಾಟಿನ್ ಮೇಲೆಯೇ ಸಂದೇಹ ಬಂದರೂ ವೈದ್ಯನ ಕೈಯಲ್ಲಿ ಉಪಾಯಗಳಿವೆ: ಪ್ರಮಾಣವನ್ನು ಇಳಿಸಬಹುದು, ಅದೇ ವರ್ಗದ ಬೇರೊಂದನ್ನು ಕೊಡಬಹುದು, ಕೆಲವು ವಾರ ನಿಲ್ಲಿಸಿ ಮತ್ತೆ ಆರಂಭಿಸಿ ನೋಡಬಹುದು, ಬೇರೆ ವರ್ಗದ ಔಷಧಕ್ಕೆ ಬದಲಾಯಿಸಬಹುದು.

ಎರಡು ಸಂದರ್ಭಗಳಲ್ಲಿ ಮಾತ್ರ ತಡಮಾಡಲೇಬಾರದು. ಹಿಮ್ಮಡಿಯ ಹಿಂದೆ ಪಟ್ಟನೆ ಸದ್ದಾಗಿ, ಯಾರೋ ಹಿಂದಿನಿಂದ ಒದ್ದಂತಾಗಿ, ತುದಿಗಾಲಿನ ಮೇಲೆ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಮೈಯೆಲ್ಲ ಮಾಂಸಖಂಡಗಳು ನೊಂದು, ಬಲಗುಂದಿ, ಮೂತ್ರವು ಕಪ್ಪಾದ ಚಹದ ಬಣ್ಣಕ್ಕೆ ತಿರುಗಿದರೆ ಅದು ಸ್ಟ್ಯಾಟಿನ್‌ನ ಅಪರೂಪವಾದರೂ ಘೋರವಾದ ಬಾಧೆ. ಎರಡರಲ್ಲಿಯೂ ಅಂದೇ ಆಸ್ಪತ್ರೆಗೆ ಹೋಗತಕ್ಕುದು.

ಹರಿಯದೆ ಕೇವಲ ನೊಂದ ರಜ್ಜುವಿಗೆ ದೊಡ್ಡ ಮದ್ದು ಗುಳಿಗೆಯಲ್ಲಿಲ್ಲ, ಅಭ್ಯಾಸದಲ್ಲಿದೆ. ಸ್ವೀಡನ್ನಿನ ಆಲ್ಫ್ರೆಡ್‌ಸನ್ ಎಂಬ ವೈದ್ಯನು ೧೯೯೮ರಲ್ಲಿ ಪ್ರಕಟಿಸಿದ ಕ್ರಮವು ಸರಳವಾಗಿದೆ. ಮೆಟ್ಟಿಲಿನ ಅಂಚಿನಲ್ಲಿ ಅಂಗಾಲಿನ ಮುಂಭಾಗವನ್ನೂರಿ ನಿಂತು, ನೊಂದ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೇಲೇಳುವಾಗ ಇನ್ನೊಂದು ಕಾಲಿನ ಆಸರೆಯನ್ನು ಪಡೆಯುವುದು. ಮಂಡಿಯನ್ನು ನೆಟ್ಟಗಿಟ್ಟು ಹದಿನೈದರಂತೆ ಮೂರಾವರ್ತಿ, ಬಾಗಿಸಿ ಮತ್ತೆ ಮೂರಾವರ್ತಿ, ದಿನಕ್ಕೆರಡು ಬಾರಿ, ಹನ್ನೆರಡು ವಾರ. ವೃದ್ಧರು ಇದನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿ, ಗೋಡೆಯನ್ನು ಹಿಡಿದು, ಸ್ವಲ್ಪಸ್ವಲ್ಪವಾಗಿ ಆರಂಭಿಸತಕ್ಕುದು. ಭಾರವೇ ಬೀಳದ ರಜ್ಜು ಬಲಿಯದು. ಅತಿಭಾರ ಬಿದ್ದ ರಜ್ಜು ಉಳಿಯದು. ಹೊಗೆಸೊಪ್ಪನ್ನು ತೊರೆಯುವುದರಿಂದಲೂ ಮಧುಮೇಹವನ್ನು ಹದದಲ್ಲಿಡುವುದರಿಂದಲೂ ಹೃದಯಕ್ಕೂ ರಜ್ಜುವಿಗೂ ಒಟ್ಟಿಗೇ ಹಿತವಾಗುವುದು.

ಸದ್ಭಕ್ತರೇ, ನೆರೆಯವನ ಮಾತಿನಲ್ಲಿ ದ್ವೇಷವಿರಲಿಲ್ಲ, ಕನಿಕರವಿತ್ತು. ಆದರೆ ಅರಿವಿಲ್ಲದ ಕನಿಕರವು ಕೊಲ್ಲಲೂ ಬಲ್ಲುದು. ಇನ್ನೊಬ್ಬನ ನೋವನ್ನು ಕಂಡಾಗ "ಬಿಟ್ಟುಬಿಡಿ" ಎನ್ನುವುದು ಸುಲಭ. "ನಡೆಯಿರಿ, ವೈದ್ಯರ ಬಳಿಗೆ ಜತೆಯಲ್ಲಿ ಬರುವೆ" ಎನ್ನುವುದೇ ದಾಸೋಹ. ಆ ಗೃಹಸ್ಥನ ಹೃದಯವೂ ಉಳಿಯಲಿ, ಹಿಮ್ಮಡಿಯೂ ಮಾಯಲಿ. ಬರುವ ಜಾತ್ರೆಯಲ್ಲಿ ಅವನು ತೇರಿನ ಹಗ್ಗವನ್ನು ಹಿಡಿಯದೆ ಇದ್ದರೂ, ತೇರಿನ ಹಿಂದೆ ತನ್ನ ಕಾಲಿನಲ್ಲಿಯೇ ನಡೆದುಬರುವಂತಾಗಲಿ.