ಸಣ್ಣಾಳಿಗೆ ತಕ್ಕ ಸ್ಥಾನ: ಅಮೆರಿಕನ್ ಫುಟ್‌ಬಾಲಿನ ಒಂದು ವಿಚಾರ



ಕ್ರೀಡೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ, ಎಲ್ಲರೂ ಬಲ್ಲ ಆಟವನ್ನು ಬಿಟ್ಟು ಅಮೆರಿಕಾ ದೇಶದ ಆಟವೊಂದನ್ನು ನಾವು ಆರಿಸಿಕೊಂಡೆವು. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಆ ಹೆಸರಿನ ವಿಚಾರ ಅವರಿಗೇ ಇರಲಿ. ಒಂದೊಂದು ಪಕ್ಷದಲ್ಲಿ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಅವರು ನಾಲ್ಕು ಯತ್ನಗಳೊಳಗೆ 10 ಗಜ ಮುಂದುವರಿಯಬೇಕು. ಚೆಂಡನ್ನು ಹೊತ್ತು ಓಡಬಹುದು, ಇಲ್ಲವೆ ಎಸೆಯಬಹುದು. ಎಸೆಯುವ ಅಧಿಕಾರ ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್ ಎಂಬವನದು. ಅವನ ಮುಂದೆ ಐದು ಮಂದಿ ದೈತ್ಯರು ಗೋಡೆಯಂತೆ ನಿಲ್ಲುತ್ತಾರೆ. ಆ ಗೋಡೆಯ ಎರಡು ತುದಿಗಳಲ್ಲಿರುವವರಿಗೆ ಟ್ಯಾಕಲ್ ಎಂದು ಹೆಸರು. ಎದುರು ಪಕ್ಷದಲ್ಲಿ ಗೋಡೆಯನ್ನು ದಾಟಿ ಎಸೆತಗಾರನ ಮೇಲೆ ನುಗ್ಗುವವನು ಪಾಸ್ ರಷರ್. ಚೆಂಡು ಕೈಬಿಡುವ ಮೊದಲೇ ಎಸೆತಗಾರನನ್ನು ಕೆಡಹಿದರೆ ಅದಕ್ಕೆ ಸ್ಯಾಕ್ ಎನ್ನುತ್ತಾರೆ. ನುಗ್ಗುವವನಿಗೆ ದೊರೆಯುವ ಕಾಲಾವಧಿ ಎರಡೂವರೆ, ಮೂರು ಸೆಕೆಂಡು ಮಾತ್ರ.

ಟ್ಯಾಕಲ್ ಎಂಬವನು ಸಾಮಾನ್ಯವಾಗಿ ಆರೂವರೆ ಅಡಿಯ ಆಸುಪಾಸಿನ ಎತ್ತರ, 300 ಪೌಂಡಿಗೆ ಮೀರಿದ ತೂಕ ಉಳ್ಳವನು. ಆದುದರಿಂದ ಅವನೆದುರು ನಿಲ್ಲತಕ್ಕವನೂ ಎತ್ತರದ, ಉದ್ದ ತೋಳಿನ ಆಳಾಗಿರಬೇಕೆಂಬುದು ಅಲ್ಲಿಯ ಬಹುಕಾಲದ ನಂಬಿಕೆ. 6 ಅಡಿ 1 ಅಂಗುಲದವನನ್ನು ಗಿಡ್ಡನೆಂದರೆ ನಮ್ಮ ಕಡೆಯಲ್ಲಿ ಜನ ನಕ್ಕಾರು. ಅಲ್ಲಿ ಅದು ನಗುವ ಮಾತಲ್ಲ. ಕಾಲೇಜು ಮುಗಿಸಿದ ಆಟಗಾರರನ್ನು ವೃತ್ತಿ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುವಾಗ ಒಂದೆರಡು ಅಂಗುಲದ ಕೊರತೆಗಾಗಿ ಹುಡುಗನೊಬ್ಬನ ಜೀವನೋಪಾಯವೇ ಹಿಂದೆ ಬೀಳುವುದುಂಟು. ಇಂಥವನು ತಂಡಕ್ಕೆ ಬಂದಮೇಲೆ ಅವನನ್ನು ಹೇಗೆ ಉಪಯೋಗಿಸಬೇಕು? ಇದೇ ಈ ದಿನದ ಪ್ರಶ್ನೆ.

ಅವನ ಬಂಡವಾಳವೇನೆಂಬುದನ್ನು ಮೊದಲು ನೋಡೋಣ. ಚೆಂಡು ಅಲುಗಿದ ಕ್ಷಣದಲ್ಲಿ ಇಡುವ ಮೊದಲ ಹೆಜ್ಜೆ ಒಂದು. ಮೈಯನ್ನು ತಗ್ಗಿಸಿ ಓಡುವ ಶಕ್ತಿ ಇನ್ನೊಂದು. ದೇಹಗಳೆರಡು ಡಿಕ್ಕಿಯಾದಾಗ ತಗ್ಗಿನಿಂದ ಮೇಲಕ್ಕೆ ತಳ್ಳುವವನಿಗೆ ಅನುಕೂಲ ಹೆಚ್ಚು. ಎತ್ತರದವನು ಕಷ್ಟಪಟ್ಟು ಬಗ್ಗಿ ಸಂಪಾದಿಸುವ ಈ ಅನುಕೂಲ ಗಿಡ್ಡನಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಆದರೆ ಟ್ಯಾಕಲಿನ ನೇರ ಎದುರಿಗೆ, ಕೈ ಚಾಚಿದರೆ ತಗಲುವಷ್ಟು ಸಮೀಪದಲ್ಲಿ ಅವನನ್ನು ನಿಲ್ಲಿಸಿದರೆ ಈ ಬಂಡವಾಳವೆಲ್ಲ ವ್ಯರ್ಥ. ಆ ದೈತ್ಯನ ಹಸ್ತ ಒಮ್ಮೆ ಎದೆಗೆ ಬಿದ್ದಿತೆಂದರೆ ಕಥೆ ಮುಗಿಯಿತು. ಗೋಡೆಯ ತುದಿಯಿಂದ ಒಂದೆರಡು ಗಜ ಹೊರಗೆ ನಿಲ್ಲಿಸಿದರೆ ಟ್ಯಾಕಲ್ ಅವನನ್ನು ಹುಡುಕಿಕೊಂಡು ಹಿಂದಕ್ಕೂ ಹೊರಕ್ಕೂ ಸರಿಯಬೇಕಾಗುತ್ತದೆ. ತೂಕದವನಿಗೆ ಹಿಮ್ಮೆಟ್ಟುವ ಓಟ ಒಗ್ಗದು. ಸಣ್ಣಾಳನ್ನು ಅಗಲಕ್ಕೆ ನಿಲ್ಲಿಸತಕ್ಕದ್ದೆಂಬುದು ನಮ್ಮ ಮೊದಲನೆಯ ಅಭಿಪ್ರಾಯ.

ಇದಕ್ಕೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು. 2002ರ ಆಯ್ಕೆಯಲ್ಲಿ ಆ ತಂಡದವರು ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಡ್ವೈಟ್ ಫ್ರೀನಿಯನ್ನು 11ನೆಯವನಾಗಿ ತೆಗೆದುಕೊಂಡರು. 6 ಅಡಿ 1 ಅಂಗುಲದ ಈತನಿಗೆ ಅಷ್ಟು ಮುಂಚಿನ ಸ್ಥಾನ ಸಲ್ಲದೆಂದವರು ಹಲವರು. ಮರುವರ್ಷ ಸಣ್ಣ ಕಾಲೇಜೊಂದರಿಂದ, ಐದನೆಯ ಸುತ್ತಿನಲ್ಲಿ, 245 ಪೌಂಡು ತೂಕದ ರಾಬರ್ಟ್ ಮ್ಯಾಥಿಸ್ ಬಂದನು. ಇಬ್ಬರನ್ನೂ ಎರಡು ತುದಿಗಳಲ್ಲಿ ಅಗಲವಾಗಿ ನಿಲ್ಲಿಸಿ, ಮೊದಲು ಎಸೆತಗಾರನ ಕಡೆಗೆ ಓಡಿರಿ, ಚೆಂಡು ಹೊತ್ತವನ ವಿಚಾರ ದಾರಿಯಲ್ಲಿ ನೋಡಿಕೊಳ್ಳೋಣ ಎಂಬ ರೀತಿಯಲ್ಲಿ ಆಡಿಸಲಾಯಿತು.

ಫ್ರೀನಿಯ ತಿರುಗುವ ವಿದ್ಯೆಯನ್ನು ಸ್ವಲ್ಪ ವಿವರಿಸಬೇಕು. ಎರಡು ಮೂರು ಬಾರಿ ಆತ ಹೊರಗಿನ ದಾರಿಯಲ್ಲಿ ಮಿಂಚಿನಂತೆ ಓಡುವನು. ಅದನ್ನು ಕಂಡು ಬೆದರಿದ ಟ್ಯಾಕಲ್ ಮುಂದಿನ ಬಾರಿ ಬೇಗ ಬೇಗನೆ ಹೊರಕ್ಕೆ ಸರಿದು ತನ್ನ ಭಾರವನ್ನೆಲ್ಲ ಹೊರಗಾಲಿನ ಮೇಲೆ ಹಾಕುವನು. ಸರಿಯಾಗಿ ಆ ಕ್ಷಣದಲ್ಲಿ ಫ್ರೀನಿ ಬುಗುರಿಯಂತೆ ಒಳಮಗ್ಗುಲಿಗೆ ಸುತ್ತಿಕೊಂಡು ಪಾರಾಗುವನು. ತಿರುಗುವುದೇ ಮುಖ್ಯವೆಂದು ತಿಳಿದು ಅದನ್ನು ಅನುಕರಿಸಿದವರು ಅನೇಕರು. ಹೊರಗಿನ ಓಟದ ಭಯವನ್ನು ಮೊದಲು ಹುಟ್ಟಿಸದೆ ಬರಿದೆ ತಿರುಗುವವನು ಟ್ಯಾಕಲಿನ ತೋಳಿನೊಳಕ್ಕೇ ಹೋಗಿ ಬೀಳುತ್ತಾನೆ. ಮತ್ತೂ ಒಂದು ವಿಷಯ. ಆತ ಒಳಕ್ಕೆ ತಿರುಗಿದೊಡನೆ ಹೊರದಾರಿ ತೆರವಾಗುತ್ತದೆ, ಎಸೆತಗಾರನು ಅಲ್ಲಿಂದ ಓಡಿಹೋಗಬಹುದು. ಹೊರಗಿನಿಂದಲೇ ಸುತ್ತಿ ಬಂದರೆ ಎಸೆತಗಾರನು ಎರಡು ಹೆಜ್ಜೆ ಮುಂದೆ ಸರಿದು ತಪ್ಪಿಸಿಕೊಳ್ಳಬಹುದು. ಆದುದರಿಂದ ಮಧ್ಯದಲ್ಲಿರುವ ಜೊತೆಗಾರರು ಗೋಡೆಯನ್ನು ಹಿಂದಕ್ಕೆ ನೂಕುತ್ತಿರಬೇಕು, ಆಚೆಯ ತುದಿಯವನು ಬಾಗಿಲು ಕಾಯಬೇಕು. ಫ್ರೀನಿಗೆ ಮ್ಯಾಥಿಸ್ ಇದ್ದನು, ಮ್ಯಾಥಿಸನಿಗೆ ಫ್ರೀನಿ ಇದ್ದನು. ಎರಡೂ ತುದಿಗಳಿಗೆ ಹೆಚ್ಚಿನ ಸಹಾಯಕರನ್ನು ಕಳುಹಿಸಿದರೆ ಎಸೆತವನ್ನು ಹಿಡಿಯಲು ಓಡುವವರೇ ಕಡಿಮೆಯಾಗುವರಷ್ಟೆ. ಫ್ರೀನಿಯ ಒಟ್ಟು ಸ್ಯಾಕುಗಳು 125.5, ಮ್ಯಾಥಿಸನವು 123. ಫ್ರೀನಿಯನ್ನು 2024ರಲ್ಲಿ ಆ ಆಟದ ಕೀರ್ತಿಮಂದಿರಕ್ಕೆ ಸೇರಿಸಿಕೊಳ್ಳಲಾಯಿತು.

ಇದರಲ್ಲಿ ಇನ್ನೊಂದು ಮರ್ಮವುಂಟು. ಅದೇ ತಂಡದ ಎಸೆತಗಾರ ಪೇಟನ್ ಮ್ಯಾನಿಂಗ್ ಬೇಗನೆ ಅಂಕಗಳನ್ನು ಕಲೆಹಾಕುತ್ತಿದ್ದನು. ಹಿಂದೆ ಬಿದ್ದ ಎದುರಾಳಿಗಳಿಗೆ ಚೆಂಡನ್ನು ಹೊತ್ತು ನಿಧಾನವಾಗಿ ಸಾಗಲು ಕಾಲವಿರದು, ಎಸೆಯಲೇಬೇಕು. ಎಸೆಯುವರೆಂದು ಮುಂಚೆಯೇ ತಿಳಿದಾಗ ಸಣ್ಣಾಳು ಸಿಂಹವಾಗುವನು. ಅಂದರೆ ಅವನ ಯಶಸ್ಸು ಅರ್ಧಪಾಲು ತನ್ನ ಪಕ್ಷದ ಎಸೆತಗಾರನ ಕೈಯಲ್ಲಿದೆ.

ಆದರೆ ಬೆಲೆ ತೆರದೆ ಯಾವುದು ಸಿಕ್ಕುತ್ತದೆ? 2006ರಲ್ಲಿ ಆ ಬೆಲೆ ಎಲ್ಲರ ಕಣ್ಣಿಗೂ ಬಿದ್ದಿತು. ಅಗಲವಾಗಿ ನಿಂತು ಒಂದೇ ಸಮನೆ ನುಗ್ಗುವವರ ಮಧ್ಯದ ತೆರಪಿನಲ್ಲಿ ಎದುರಾಳಿಗಳು ಚೆಂಡನ್ನು ಹೊತ್ತು ನಡೆದುಹೋದರು. ಆ ಋತುವಿನಲ್ಲಿ ಕೋಲ್ಟ್ಸ್ ತಂಡವು ಪಂದ್ಯವೊಂದಕ್ಕೆ ಸರಾಸರಿ 173 ಗಜಗಳ ಓಟವನ್ನು ಬಿಟ್ಟುಕೊಟ್ಟು ಲೀಗಿನಲ್ಲೇ ಕೊನೆಯದಾಯಿತು. ಡಿಸೆಂಬರ್ 10ರಂದು ಜ್ಯಾಕ್ಸನ್‌ವಿಲ್ ತಂಡದವರು 375 ಗಜ ಓಡಿದರು! ಸಣ್ಣಾಳುಗಳನ್ನು ನಂಬಿದ್ದರ ಫಲವಿದು ಎಂದು ಹೇಳುವವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ತರಬೇತುದಾರ ಟೋನಿ ಡಂಜಿ ಆಗ ಫ್ರೀನಿ, ಮ್ಯಾಥಿಸರನ್ನು ಬದಿಗೆ ಸರಿಸಲಿಲ್ಲ. ಗಾಯಗೊಂಡು ಬಹುಪಾಲು ಪಂದ್ಯಗಳನ್ನು ಕಳೆದುಕೊಂಡಿದ್ದ ಬಾಬ್ ಸ್ಯಾಂಡರ್ಸ್ ಹಿಂದಿನ ಸಾಲಿಗೆ ಮರಳಿದನು. ಈತನ ಎತ್ತರ 5 ಅಡಿ 8 ಅಂಗುಲ ಮಾತ್ರ, ಎಂಬುದನ್ನು ಮಕ್ಕಳು ಗಮನಿಸಬೇಕು. ಮುಂದಿನವರು ಬಿಟ್ಟ ತೆರಪನ್ನು ಹಿಂದಿನಿಂದ ಓಡಿಬಂದು ಮುಚ್ಚುವುದೇ ಅವನ ಕೆಲಸವಾಯಿತು. 2007ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ತಂಡದ ಹೆಸರಾಂತ ಓಟಗಾರ ಲ್ಯಾರಿ ಜಾನ್ಸನ್ ಅವರೆದುರು 32 ಗಜಕ್ಕೆ ನಿಂತುಹೋದನು. ಫೆಬ್ರವರಿ 4ರಂದು ಅದೇ ಕೋಲ್ಟ್ಸ್ ತಂಡ ಶಿಕಾಗೋ ಬೇರ್ಸ್ ತಂಡವನ್ನು 29–17ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಸಣ್ಣ ಆಳನ್ನು ಇಟ್ಟುಕೊಳ್ಳುವ ತಂಡವು ಅವನ ಕೊರತೆಯನ್ನು ತುಂಬತಕ್ಕ ಇನ್ನೊಬ್ಬನನ್ನೂ ಇಟ್ಟುಕೊಳ್ಳಲೇಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಅಂಥ ಅನುಕೂಲವಿಲ್ಲದ ತಂಡ ಏನು ಮಾಡಬೇಕು? ಆಗ ಸಮಯವನ್ನು ಆರಿಸಿಕೊಳ್ಳಬೇಕು. ಮೂರನೆಯ ಯತ್ನ ಬಂದು ಇನ್ನೂ ಏಳೆಂಟು ಗಜ ಉಳಿದಿದ್ದರೆ ಎದುರಾಳಿ ಎಸೆಯುವುದು ಬಹುಮಟ್ಟಿಗೆ ಖಂಡಿತ. ಉಳಿದ ವೇಳೆಯಲ್ಲಿ ತೂಕದವರು ಮೈಕೈ ನೋಯಿಸಿಕೊಳ್ಳಲಿ. ಸಣ್ಣಾಳು ದಣಿಯದ ಕಾಲಿನೊಡನೆ ಆಗ ಅಂಗಣಕ್ಕೆ ಇಳಿಯಲಿ. ಎಲ್ವಿಸ್ ಡ್ಯೂಮರ್ವಿಲ್ ಎಂಬವನ ಚರಿತ್ರೆ ಇಲ್ಲಿ ಉಪಯುಕ್ತ. 2005ರಲ್ಲಿ ಲೂಯಿವಿಲ್ ವಿಶ್ವವಿದ್ಯಾನಿಲಯದ ಪರವಾಗಿ 20 ಸ್ಯಾಕುಗಳನ್ನು ಪಡೆದರೂ, 5 ಅಡಿ 11 ಅಂಗುಲದವನೆಂದು ಮರುವರ್ಷ 125 ಮಂದಿಯನ್ನು ಆರಿಸಿದ ಮೇಲೆ ಡೆನ್ವರ್ ತಂಡ ಇವನನ್ನು ಕರೆಯಿತು. ಎತ್ತರ ಕಡಿಮೆಯಾದರೂ ಇವನ ತೋಳು ಉದ್ದ. ತಕ್ಕಡಿ ಅಳತೆಕೋಲುಗಳನ್ನು ಹಿಡಿದವರು ತೋಳನ್ನೂ ಅಳೆದಿದ್ದರು, ಆದರೆ ಎತ್ತರವನ್ನೇ ನೆನಪಿಟ್ಟುಕೊಂಡರು. 2009ರಲ್ಲಿ ಅವನನ್ನು ಸಾಲಿನ ತುದಿಯಲ್ಲಿ ಬಗ್ಗಿ ನಿಲ್ಲಿಸುವುದನ್ನು ಬಿಟ್ಟು, ನಿಂತೇ ಹೊರಡುವ ಹೊರಗಿನ ಲೈನ್‌ಬ್ಯಾಕರ್ ಸ್ಥಾನಕ್ಕೆ ಬದಲಾಯಿಸಿದರು. ಆ ವರ್ಷ 17 ಸ್ಯಾಕುಗಳೊಡನೆ ಲೀಗಿಗೇ ಮೊದಲಿಗನಾದನು. 2014ರಲ್ಲಿ ಬಾಲ್ಟಿಮೋರ್ ತಂಡವು, ವಯಸ್ಸು 30 ಆಗಿದ್ದ ಅವನನ್ನು ಹೆಚ್ಚಾಗಿ ಎಸೆತದ ವೇಳೆಗೆಂದೇ ಕಾಯ್ದಿಟ್ಟು ಮತ್ತೆ 17 ಪಡೆಯಿತು. ಆಚೆಯ ತುದಿಯಲ್ಲಿ ಟೆರೆಲ್ ಸಗ್ಸ್ ಇದ್ದನೆಂಬುದನ್ನೂ ಮರೆಯಬಾರದು.

ಕೆಲವರನ್ನು ತುದಿಯಲ್ಲಿ ನಿಲ್ಲಿಸದೆ ನಡುವೆಯೇ ನಿಲ್ಲಿಸಬಹುದು. 1990ರಲ್ಲಿ ಜಾನ್ ರ‍್ಯಾಂಡಲ್‌ನನ್ನು ಯಾವ ತಂಡವೂ ಆಯ್ಕೆಯಲ್ಲಿ ಆರಿಸಲಿಲ್ಲ. ತೂಕ ಹೆಚ್ಚಿ ಕಾಣಲೆಂದು ಬಟ್ಟೆಯೊಳಗೆ ಸರಪಳಿ ಬಿಗಿದುಕೊಂಡು ತಕ್ಕಡಿ ಹತ್ತಿದನೆಂಬ ಅವನ ಕಥೆ ಪ್ರಸಿದ್ಧವಾಗಿದೆ. ಮಿನೆಸೋಟಾ ತಂಡದವರು ಅವನನ್ನು ಗೋಡೆಯ ಮಧ್ಯದ ಸಂದುಗಳಿಗೆ ಬಿಟ್ಟರು. ಅಲ್ಲಿಂದ ಎಸೆತಗಾರನಿಗೆ ದಾರಿ ಹತ್ತಿರ, ಎದುರಿನವನಿಗೆ ಸರಿಯಲು ಎಡೆ ಕಡಿಮೆ. 137.5 ಸ್ಯಾಕುಗಳು ಅವನ ಲೆಕ್ಕಕ್ಕೆ ಸೇರಿದುವು. ಆದರೆ ಇದು ಎಲ್ಲರಿಗೂ ಹೊಂದುವ ಉಪಾಯವಲ್ಲ. ಇಬ್ಬರು ಕೂಡಿ ಮೇಲೆ ಬಿದ್ದಾಗ ತಡೆಯುವ ಸೊಂಟದ ಬಲ ಇಲ್ಲದವನನ್ನು ಅಲ್ಲಿಗೆ ಕಳುಹಿಸುವುದು ಕ್ರೌರ್ಯವೆಂದೇ ನಮಗೆ ತೋರುತ್ತದೆ.

ಅನೇಕ ತರಬೇತುದಾರರು ಮಾಡುವ ಮೊದಲ ಕೆಲಸವೆಂದರೆ ಸಣ್ಣಾಳಿಗೆ ಇಪ್ಪತ್ತು ಪೌಂಡು ಮೈ ಬೆಳೆಸಿಕೋ ಎಂದು ಆಜ್ಞಾಪಿಸುವುದು. ಮೈ ಬೆಳೆಯುತ್ತದೆ, ಮೊದಲ ಹೆಜ್ಜೆ ಹೋಗುತ್ತದೆ, ಇದ್ದದ್ದೂ ಇಲ್ಲವಾಗುತ್ತದೆ. ಇನ್ನು ಕೆಲವರು ಅವನ ವೇಗವನ್ನು ಕಂಡು ಎಸೆತ ಹಿಡಿಯುವವರ ಬೆನ್ನುಹತ್ತಲು ಹಿಂದಕ್ಕೆ ಕಳುಹಿಸುತ್ತಾರೆ. ಅಪರೂಪಕ್ಕೊಮ್ಮೆ, ವಂಚನೆಗಾಗಿ ಮಾಡಿದರೆ ಅದೂ ಚೆನ್ನ. 2009ರ ಫೆಬ್ರವರಿ 1ರ ಸೂಪರ್ ಬೌಲಿನಲ್ಲಿ ಪಿಟ್ಸ್‌ಬರ್ಗಿನ ಜೇಮ್ಸ್ ಹ್ಯಾರಿಸನ್, 6 ಅಡಿಯ ಆಳು, ನುಗ್ಗುವವನಂತೆ ತೋರಿಸಿ ಹಿಂದಕ್ಕೆ ಸರಿದು, ತನ್ನ ಗೆರೆಯ ಬಳಿಯೇ ಚೆಂಡನ್ನು ಕಸಿದು 100 ಗಜ ಓಡಿದನು. ಆ ವಂಚನೆ ಫಲಿಸಿದ್ದು, ಅವನು ನುಗ್ಗಿಯೇ ನುಗ್ಗುವನೆಂದು ಎದುರಾಳಿ ನಂಬಿದ್ದರಿಂದ. ಆ ಋತುವಿನಲ್ಲಿ ಅವನು 16 ಬಾರಿ ಎಸೆತಗಾರರನ್ನು ಕೆಡಹಿದ್ದನು.