ಕಾಡಿನ ಜ್ವರ, ನಾಡಿನ ಋಣ



ಕಾರವಾರ, ಅಂಕೋಲೆಗಳಿಗೆ ಎದುರು ಕಡಲು, ಬೆನ್ನಿಗೆ ಘಟ್ಟದ ಕಾಡು. ಬೇಸಗೆಯಲ್ಲಿ ಇಂಥ ಕಾಡಿಗೆ ದರಕು ತರಲು ಹೋದವರಿಗೆ ಉಣುಗು ಕಚ್ಚಿ ಮಂಗನ ಕಾಯಿಲೆ ತಗಲುವುದುಂಟು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನ ಜ್ವರದಿಂದ ನರಳಿದರು. ಅದರ ವೈರಾಣುವನ್ನು ಗುರುತಿಸಿದ್ದು ಪುಣೆಯ ವೈರಾಣು ಸಂಶೋಧನ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ರಾಕ್‌ಫೆಲರ್ ಪ್ರತಿಷ್ಠಾನದೊಡಗೂಡಿ 1952ರಲ್ಲಿಯೇ ಅದನ್ನು ಸ್ಥಾಪಿಸಿತ್ತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದಷ್ಟೆ.

ಮುಂದೆ ಬಂದ ಲಸಿಕೆಯ ಬಲ ಕುಗ್ಗಿ 2022ರಲ್ಲಿ ಅದು ನಿಂತಿತು. ಹೊಸ ಲಸಿಕೆಯ ಯತ್ನ ಸಾಗಿದೆ. ದರಕು ಹೊರುವವರ ಜ್ವರದಲ್ಲಿ ಔಷಧ ವ್ಯಾಪಾರಕ್ಕೆ ಲಾಭವಿಲ್ಲ. ಆದುದರಿಂದ ಈ ಸಂಶೋಧನೆಗೆ ಸರ್ಕಾರ ಕೊಡುವ ಹಣ ದಾನವಲ್ಲ, ಋಣ. ಅದು ನಡುದಾರಿಯಲ್ಲಿ ಬತ್ತದಿರಲಿ.